ಐದು ಕಾಯಿ, ಆರು ಪಟ್ಟಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮಕ್ಕನ ನೃತ್ಯವನ್ನು ಕೆಡಿಸಿದವನು ನಾನು. ಐದು ತೆಂಗಿನಕಾಯಿ, ಒಂದು ಮೈಕು, ಕಾಲು ಗಂಟೆ, ಇಷ್ಟೇ ಸಾಮಗ್ರಿ ಸಾಕಾಯಿತು. ಆ ದಿನ ಬಲು ಚೆನ್ನಾಗಿ ನಗಿಸಿದೆ ಎಂದು ಈಗಲೂ ಕೆಲವರು ದಾರಿಯಲ್ಲಿ ನಿಲ್ಲಿಸಿ ಹೊಗಳುತ್ತಾರೆ. ಹೊಗಳುವವರ ಬಾಯಿ ಮುಚ್ಚಿಸುವ ವಿದ್ಯೆ ನನಗೆ ಬರುವುದಿಲ್ಲ. ಅವರು ಹೊಗಳಿದ ರೀತಿಯನ್ನು ಅವರು ಆ ಕಡೆ ತಿರುಗಿದ ಮೇಲೆ ಮಾಡಿ ತೋರಿಸುವುದು ಮಾತ್ರ ಬರುತ್ತದೆ.

ಇದೆಲ್ಲ ಮೊನ್ನೆ ಅಟ್ಟ ಹತ್ತಿದಾಗ ನೆನಪಾಯಿತು. ನಮ್ಮ ಕಡೆಯ ಮನೆಗಳಲ್ಲಿ ಅಟ್ಟವೆಂದರೆ ಕಾಯಿಗಳ ಸಾಮ್ರಾಜ್ಯ. ತೋಟದಿಂದ ಬಂದ ಕಾಯಿ ಅಲ್ಲಿ ವರ್ಷದಷ್ಟು ಕಾಲ ಕತ್ತಲಲ್ಲಿ ಮಲಗಿ, ತನ್ನ ನೀರನ್ನು ತಾನೇ ಕುಡಿದು, ಕೊಬ್ಬರಿಯಾಗಿ ಏಳುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಆಯಿತು. ಕುಳುಕುಳು ಎಂದರೆ ಇನ್ನೂ ನೀರಿದೆ, ಮಲಗಲಿ ಪಾಪ. ಈ ಪರೀಕ್ಷೆಗೆಂದು ಅಪ್ಪ ನನ್ನನ್ನು ಹತ್ತಿಸಿದ್ದರು. ‘ಬಿ.ಕಾಂ. ಫೇಲಾದೋನು ಕಾಯಾದ್ರೂ ಪಾಸೋ ಫೇಲೋ ನೋಡ್ಲಿ’ ಎಂಬುದು ಅವರ ಮಾತು. ರಾಶಿಯ ಹಿಂದೆ ಕೈ ಹಾಕಿದೆ. ಇಲಿ ಕಡಿದ ಒಂದು ಜರಿ ಅಂಚು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಬರೀ ಅಂಚು. ಸೀರೆ ಇರಲಿಲ್ಲ. ಸೀರೆ ಏನಾಯಿತೆಂದು ನನಗೆ ಗೊತ್ತಿದ್ದುದರಿಂದ ಹುಡುಕಲಿಲ್ಲ.

ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಹುಟ್ಟಾ ಅಣಕುಗಾರ. ಆರು ವರ್ಷದವನಿದ್ದಾಗ, ತಾತ ತೀರಿಕೊಂಡು ಹನ್ನೊಂದನೆಯ ದಿನ, ನಡುಮನೆಯಲ್ಲಿ ನಿಂತು ತಾತನ ಕೆಮ್ಮನ್ನು ಕೆಮ್ಮಿದೆ. ಅಜ್ಜಿ ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಓಡಿ ಬಂದಳು. ಬಾಗಿಲಲ್ಲೇ ನಿಂತಳು. ನೆಂಟರೆಲ್ಲ ನಕ್ಕರು. ನಕ್ಕರಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿಯಿತು, ಲೋಟ ಹಿಡಿದ ಅಜ್ಜಿ ಉಳಿಯಲಿಲ್ಲ. ಅಂದಿನಿಂದ ಯಾರನ್ನೂ ಬಿಟ್ಟವನಲ್ಲ. ಬಸ್ ಕಂಡಕ್ಟರು, ಹಾಲ್ಕುರಿಕೆಯಿಂದ ಬರುವ ಪೂಜಾರಪ್ಪ, ಮೇಷ್ಟ್ರುಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು. ನೋಡಲು ಪೊರಕೆಕಡ್ಡಿಯ ಹಾಗಿದ್ದ ನನಗೆ ಬೇರೆ ಯಾವ ಬಂಡವಾಳವೂ ಇರಲಿಲ್ಲ.

ಈಗ ಅಕ್ಕ. ಹೆಸರು ಶಾರದೆ. ಮದುವೆಯಾಗಿ ಅಮ್ಮಸಂದ್ರದ ಕಡೆಗೆ ಹೋದವಳು ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದು ವಾಪಸ್ಸು ಬಂದಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಯಾವಾಗ ಹೋಗುತ್ತೀಯ ಎಂದು ಎಲ್ಲರೂ ಕೇಳಿದರು. ಭಾವನವರನ್ನು ನಾನು ಬಲ್ಲೆ; ಅಂದರೆ ಅವರು ಎಲೆಗೆ ಸುಣ್ಣ ಹಚ್ಚುವ ಗತ್ತನ್ನು ಬಲ್ಲೆ. ಅದನ್ನು ಮಾಡಿ ತೋರಿಸಿದಾಗ ಅಮ್ಮ, ಅಜ್ಜಿ ಎಲ್ಲ ನಗುತ್ತಿದ್ದರು. ಅಕ್ಕ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಗಂಡನ ಮೇಲೆ ಗೌರವ ಜಾಸ್ತಿ ಇರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ಓಡುತ್ತಿತ್ತು.

ಬಂದ ಆರು ತಿಂಗಳಿಗೆ ಅವಳಿಗೆ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನೃತ್ಯ ಹೇಳಿಕೊಡುವ ಹಂಗಾಮಿ ಕೆಲಸ ಸಿಕ್ಕಿತು. ಯಾವ ಶಾಲೆ ಎಂದು ಹೇಳುವುದಿಲ್ಲ. ತಿಪಟೂರಿಗೂ ತುರುವೇಕೆರೆಗೂ ನಡುವೆ ಎಲ್ಲೋ ಒಂದು ಕಡೆ ಎಂದರೆ ಸಾಕು. ಅದರ ಕಮಿಟಿಯ ಅಧ್ಯಕ್ಷರು ದೊಡ್ಡ ತೋಟದ ಸಿದ್ದಪ್ಪನವರು. ಶಾಲೆಯಲ್ಲಿ ನೃತ್ಯದ ಕ್ಲಾಸು ಮುಂದುವರಿಯಬೇಕೋ ಬೇಡವೋ ಎಂಬುದು ಅವರು ತಲೆ ಆಡಿಸುವ ದಿಕ್ಕನ್ನು ಅವಲಂಬಿಸಿತ್ತು. ಅಪ್ಪ ಅಕ್ಕನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದರು:

‘ನೋಡವ್ವ, ಶಾಲೇಲಿ ಖಾಯಂ ಆದ್ರೆ ಇರು, ಯಾರೇನಂದ್ರೂ ನಾನು ಉತ್ರ ಕೊಡ್ತೀನಿ. ಆಗ್ಲಿಲ್ಲಾಂದ್ರೆ ಏಪ್ರಿಲ್‌ನಾಗೆ ಅವರ ಕಡೇರು ಬತ್ತಾರೆ, ಮಾತಾಡಿ ಕಳಿಸ್ಕೊಡ್ತೀನಿ. ನನಗೂ ನಾಕು ಜನದ ಮುಂದೆ ಮುಖ ಐತೆ.’

ಅಕ್ಕ ‘ಹೂಂ’ ಎಂದಳು. ಆ ‘ಹೂಂ’ ಕೂಡ ನಾನು ಅಣಕಿಸಿದ್ದೇನೆ.

ವಾರ್ಷಿಕೋತ್ಸವಕ್ಕೆ ಅವಳು ಆರಿಸಿಕೊಂಡದ್ದು ಚೀನಾದ ಪಟ್ಟಿ ಕುಣಿತ. ಮೈಸೂರಿನಲ್ಲಿ ಟ್ರೈನಿಂಗ್ ಮಾಡುವಾಗ ಹಾಸ್ಟೆಲಿನ ವಾರ್ಡನ್ ಹೇಳಿಕೊಟ್ಟಿದ್ದರು. ಆ ವಾರ್ಡನ್ ಚಿಕ್ಕಂದಿನಲ್ಲಿ ಎಲ್ಲೋ ಚೀನಾದವರ ತಂಡ ಕುಣಿದದ್ದನ್ನು ಕಂಡಿದ್ದರಂತೆ. ಕಂಡದ್ದು ಒಂದು ಸಲ, ನೆನಪಿದ್ದದ್ದು ಎಂಟು ಹೆಜ್ಜೆ. ಜೊತೆಗೆ ಯಾವುದೋ ಬಣ್ಣದ ಪತ್ರಿಕೆಯಿಂದ ಹರಿದಿಟ್ಟ ಒಂದು ಚಿತ್ರ: ಒಬ್ಬಳು ಹುಡುಗಿ, ಅವಳ ತಲೆಯ ಮೇಲೆ ಗಾಳಿಯಲ್ಲಿ ನಿಂತ ಕೆಂಪು ಸುರುಳಿ. ಇಷ್ಟರಿಂದ ಅಕ್ಕ ಒಂದು ನೃತ್ಯ ಕಟ್ಟಬೇಕಿತ್ತು.

‘ಇದು ಮೊದಲು ಸ್ಟೇಜಿನದಲ್ಲ ಕಣೋ ನಂಜ, ಹೊಲದ್ದು’ ಎಂದು ನನಗೆ ವಿವರಿಸಿದಳು. ಅಲ್ಲಿಯ ರೈತರು ಸುಗ್ಗಿಯಲ್ಲಿ ಸೊಂಟಕ್ಕೆ ಸುತ್ತಿದ ವಸ್ತ್ರದ ಎರಡು ತುದಿ ಹಿಡಿದು ಬೀದಿಯುದ್ದಕ್ಕೂ ಕುಣಿಯುತ್ತಿದ್ದರಂತೆ. ಆಮೇಲೆ ಅದನ್ನು ರಂಗಕ್ಕೆ ತಂದವರು ವಸ್ತ್ರವನ್ನು ಸೊಂಟದಿಂದ ಬಿಡಿಸಿ, ಉದ್ದ ಮಾಡಿ, ತುದಿಗೆ ಒಂದು ಕೋಲು ಸಿಕ್ಕಿಸಿದರಂತೆ. ಕೋಲು ಬಂದಮೇಲೆ ಬಟ್ಟೆ ಆಕಾಶಕ್ಕೆ ಹೋಯಿತು.

ಅಜ್ಜಿ ಪೊರಕೆಗೆ ಗರಿ ಸೀಳುತ್ತಾ ಕೇಳಿಸಿಕೊಂಡಳು. ‘ಸೊಂಟದ್ ವಸ್ತ್ರ ಬಿಚ್ಕೊಂಡ್ ಕುಣಿಯೋದೂ ಒಂದು ಕುಣಿತವೇನೇ? ನಮ್ಮೂರಾಗೆ ಕುಡಿದೋರೆಲ್ಲ ಕುಣೀತಾರೆ ಬುಡು!’

ಅಧ್ಯಕ್ಷರ ಒಪ್ಪಿಗೆಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಅವರು ಕುರ್ಚಿಯಲ್ಲಿ ಒರಗಿ ಕೇಳಿದರು.

‘ಚೀನಾದೋರ ಕುಣಿತಾನಾ? ಅಲ್ಲ ಟೀಚರಮ್ಮ, ಅವರ ಮೇಲೆ ಯುದ್ಧ ಮಾಡಿ ಬಂದೋರು ನಮ್ಮ ತಾಲ್ಲೂಕಿನಾಗೇ ಅವರೆ. ಅವರು ಬಂದು ಮುಂದಿನ ಸಾಲಾಗೆ ಕುಂತ್ರೆ ನಾನೇನ್ ಹೇಳ್ಲಿ?’

‘ಯುದ್ಧ ಮಾಡ್ದೋರು ಕುಣೀಲಿಲ್ಲ ಕಣ್ರೀ. ಕುಣಿದೋರು ಹೊಲ ಉಳೋರು’ ಎಂದಳು ಅಕ್ಕ. ಅವಳು ಅಷ್ಟು ನೆಟ್ಟಗೆ ಮಾತನಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಒರಗಿದ್ದ ಸಿದ್ದಪ್ಪನವರು ಮುಂದಕ್ಕೆ ಬಾಗಿದರು. ‘ಆಯ್ತು, ಮಾಡಿ. ಜನ ಒಪ್ಪಿದ್ರೆ ಜೂನ್‌ನಿಂದ ನಿಮ್ ಕ್ಲಾಸು ಖಾಯಂ. ಒಪ್ಪದಿದ್ರೆ ನಮ್ಮನ್ನ ಬಯ್ಕೋಬೇಡಿ. ಜನದ್ದೇ ತೀರ್ಮಾನ.’

ಜನ. ಆ ಜನರನ್ನು ಹೇಗೆ ಬೇಕಾದರೂ ತಿರುಗಿಸಬಲ್ಲ ಒಬ್ಬ ಪಾಪಿ ಪಕ್ಕದಲ್ಲೇ ಚಕ್ಕುಲಿ ತಿನ್ನುತ್ತಾ ಕೂತಿದ್ದಾನೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಿರಲಿಲ್ಲ.

ಕೆಲಸ ಶುರುವಾಯಿತು. ಮೊದಲು ಬಟ್ಟೆ. ಅಪ್ಪನ ಹಳೆಯ ಪಂಚೆ ಸೀಳಿ ನೋಡಿದಳು. ಒದ್ದೆ ಟವೆಲಿನ ಹಾಗೆ ದೊಪ್ಪನೆ ಬಿತ್ತು. ವಾಯಿಲ್ ಬಟ್ಟೆ ಹಾರಿತು, ಆದರೆ ಸುರುಳಿ ನಿಲ್ಲಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಟ್ರಂಕು ತೆಗೆದು ತನ್ನ ಧಾರೆ ಸೀರೆಯನ್ನು ಹಾಸಿ, ಕತ್ತರಿ ಇಟ್ಟಳು. ಕೆಂಪು ರೇಷ್ಮೆ. ಜರಿ ಅಂಚು ಭಾರವೆಂದು ಅದನ್ನು ಮೊದಲು ಬಿಡಿಸಿ ಪಕ್ಕಕ್ಕೆ ಎಸೆದಳು. ಆಮೇಲೆ ಉದ್ದುದ್ದಕ್ಕೆ ಆರು ಪಟ್ಟಿ, ಒಂದೊಂದೂ ಹನ್ನೆರಡು ಮೊಳ. ಅಜ್ಜಿ ಎದೆ ಎದೆ ಬಡಿದುಕೊಂಡಳು.

‘ಧಾರೆ ಸೀರೆ ಕಣೇ ಅದು, ಧಾರೆ ಸೀರೆ! ನಾಳೆ ಆ ಮನೆಗೆ ಏನುಟ್ಕಂಡ್ ಹೋದೀಯೆ?’

‘ಹೋಗಲ್ಲ ಅಂತಲೇ ಹರೀತಿರೋದು ಕಣಜ್ಜಿ’ ಎಂದಳು ಅಕ್ಕ, ಕತ್ತರಿ ನಿಲ್ಲಿಸದೆ.

ಅಮ್ಮ ಅಂಚನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಮುಂದೆ ಯಾವತ್ತಾದರೂ ಹೊಸ ಸೀರೆಗೆ ಹಚ್ಚಬಹುದೆಂದು.

ಕೋಲಿನದು ಇನ್ನೊಂದು ಕಥೆ. ಬಿದಿರು ಕಡ್ಡಿ ಸೆಟೆದುಕೊಂಡಿತು, ಬೇವಿನದು ಮುರಿಯಿತು. ಕೊನೆಗೆ ದಾರಿ ತೋರಿಸಿದ್ದು ಬಯ್ಯುತ್ತಲೇ ಇದ್ದ ಅಜ್ಜಿ. ಪೊರಕೆಗೆಂದು ಸೀಳಿದ್ದ ತೆಂಗಿನ ಗರಿಕಡ್ಡಿಗಳಲ್ಲಿ ದಪ್ಪನೆಯ ಮೂರನ್ನು ಆರಿಸಿ, ಒತ್ತಾಗಿ ನೂಲು ಸುತ್ತಿ, ‘ಇದ್ರಾಗೆ ಬೀಸು. ಬಗ್ಗೋದೂ ಬತ್ತದೆ, ಏಳೋದೂ ಬತ್ತದೆ’ ಎಂದು ಕೊಟ್ಟಳು. ಅಕ್ಕ ಅಂಗಳದಲ್ಲಿ ನಿಂತು ಮಣಿಕಟ್ಟು ಒಮ್ಮೆ ತಿರುಗಿಸಿದಳು. ಕೆಂಪು ಪಟ್ಟಿ ನೆಲದಿಂದೆದ್ದು, ಅವಳ ತಲೆಯ ಮೇಲೆ ಮೂರು ಸುತ್ತು ಸುತ್ತಿ, ಚಿತ್ರದಲ್ಲಿದ್ದ ಹಾಗೆಯೇ ಒಂದು ಕ್ಷಣ ನಿಂತಿತು. ಅಜ್ಜಿ ಬಾಯಿ ಮುಚ್ಚಿದಳು. ನಾನೂ. ನನ್ನ ಬಾಯಿ ಮುಚ್ಚಿದ ದಿನಗಳು ಕಡಿಮೆಯಾದ್ದರಿಂದ ಅದು ಚೆನ್ನಾಗಿ ನೆನಪಿದೆ.

ಆರು ಹುಡುಗಿಯರು ಸಿದ್ಧರಾದರು. ಎಲ್ಲರೂ ಕೋಲಾಟ ಕಲಿತವರು. ಬಿಟ್ಟರೆ ದುಂಡಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಿಕಿಸಿ ನಗುವವರು. ‘ಕಣದಲ್ಲಿ ಕುಣಿಯೋವಾಗ ಬೆನ್ನು ಅನ್ನೋದೇ ಇಲ್ಲ ಕಣ್ರಮ್ಮ, ಎಲ್ಲ ಕಡೆಯಿಂದಲೂ ಮುಖವೇ. ಸ್ಟೇಜ್ ಮೇಲೆ ಬೆನ್ನು ಬಂದುಬಿಡ್ತದೆ’ ಎಂದು ಅಕ್ಕ ಹೇಳಿಕೊಡುತ್ತಿದ್ದಳು. ಸೀಮೆಸುಣ್ಣದಲ್ಲಿ ದುಂಡನ್ನು ಅರ್ಧಚಂದ್ರ ಮಾಡಿದಳು. ಪಟ್ಟಿಗಳು ಒಂದಕ್ಕೊಂದು ಸಿಕ್ಕದಿರಲು ಒಬ್ಬೊಬ್ಬರ ನಡುವೆ ಐದು ಹೆಜ್ಜೆ. ಮೊದಲು ಪಟ್ಟಿಗಳು ನೆಲದ ಮೇಲೆ ಹಾವಿನಂತೆ ಹರಿದು ಬರಬೇಕು, ಆಮೇಲೆ ಅಲೆ, ಆಮೇಲೆ ಆರೂ ಒಟ್ಟಿಗೆ ಸುರುಳಿ. ತಾಳಕ್ಕೆ ನಮ್ಮ ಕಡೆಯ ತಮಟೆ. ಅಕ್ಕನಿಗೆ ಒಂದು ಅಭ್ಯಾಸವಿತ್ತು. ‘ಒಂದ್, ಎರಡ್’ ಎನ್ನುವಾಗ ಕತ್ತು ಚೂರು ಓರೆ ಮಾಡಿ, ಬೆರಳುಗಳನ್ನು ಹಿಟ್ಟು ಕೊಡವುವವಳ ಹಾಗೆ ಬಿಡಿಸುತ್ತಿದ್ದಳು. ನಾನು ಬಿಟ್ಟೇನೆಯೇ? ಮನೆಯಲ್ಲಿ ದಿನವೂ ಮಾಡಿ ತೋರಿಸಿದೆ. ಅಕ್ಕ ನಗುತ್ತಿದ್ದಳು, ‘ಸಾಕು ಸುಮ್ನಿರೋ’ ಎನ್ನುತ್ತಿದ್ದಳು, ಮತ್ತೆ ಎಣಿಸುತ್ತಿದ್ದಳು.

ವಾರ್ಷಿಕೋತ್ಸವ ಮಧ್ಯಾಹ್ನ ಮೂರಕ್ಕೆ. ಹಲಗೆ ಜೋಡಿಸಿದ ವೇದಿಕೆ, ಶಾಮಿಯಾನ. ಪಟ್ಟಿ ಸಿಕ್ಕಿಕೊಳ್ಳುತ್ತದೆಂದು ಅಕ್ಕ ಜಮಖಾನವನ್ನು ಸುತ್ತಿಡಿಸಿ, ಹಲಗೆಯನ್ನು ತಾನೇ ಗುಡಿಸಿ ಒರೆಸಿದ್ದಳು. ಮೈಕಿನಲ್ಲಿ ಹೇಳುವ ಕೆಲಸ ನನಗೆ, ಅಕ್ಕನ ಶಿಫಾರಸಿನಿಂದಲೇ. ಪಟ್ಟಿ ಕುಣಿತಕ್ಕೆ ಮುಂಚೆ, ಗುಂಪಿನಲ್ಲಿ ಚಿಕ್ಕವಳಾದ ಪುಟ್ಟಲಕ್ಷ್ಮಿಯ ಜಡೆ ಬಿಚ್ಚಿಹೋಯಿತು. ಅಕ್ಕ ಪರದೆಯಿಂದ ತಲೆ ಹಾಕಿ, ‘ನಂಜ, ಎರಡು ನಿಮಿಷ ಏನಾದ್ರೂ ಮಾತಾಡ್ತಿರೋ’ ಎಂದಳು.

ಎರಡು ನಿಮಿಷ ಕೇಳಿದ್ದಳು. ನಾನು ಧಾರಾಳಿ.

ನಮ್ಮ ಕಡೆ ಕಾಯಿ ಒಡೆಯದೆ ಯಾವ ಸಮಾರಂಭವೂ ಉಸಿರಾಡುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಸಿದ್ದಪ್ಪನವರು ತಮ್ಮ ತೋಟದಿಂದ ಕಾಯಿ ತರುತ್ತಿದ್ದರು, ಅದೂ ಆಗ ತಾನೇ ಕಿತ್ತದ್ದು. ಒಡೆದರೆ ನೀರು ಮೊಳಕಾಲಿಗೆ ಚಿಮ್ಮಬೇಕು, ಆಗಲೇ ತೋಟದ ಮರ್ಯಾದೆ. ಅವರು ಒಂದು ಕಾಯಿ ಒಡೆದು ಉದ್ಘಾಟಿಸಿ, ಕೆಳಗೆ ಮುಂದಿನ ಸಾಲಿನಲ್ಲಿ ಹೋಗಿ ಕೂತಿದ್ದರು. ಬುಟ್ಟಿಯಲ್ಲಿ ಇನ್ನೂ ಐದು ಇದ್ದವು. ವೇದಿಕೆಯ ಮುಂದಂಚಿನಲ್ಲಿ ಒಡೆಯುವ ಕಲ್ಲೂ ಇತ್ತು. ನಮ್ಮ ಅಟ್ಟದ ಕಾಯಿಯಾಗಿದ್ದರೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ಮೊದಲನೆಯದನ್ನು ಸಿದ್ದಪ್ಪನವರ ಹಾಗೆ ಒಡೆದೆ. ಬೆರಳಿನ ಗಿಣ್ಣಿನಿಂದ ತಟ್ಟಿ, ಕಾಯಿಯ ಕುಶಲ ಕೇಳಿ, ಹೊಟ್ಟೆ ಮುಂದೆ ಮಾಡಿ, ಫಟ್! ಜನ ಕೂಗಿದರು, ಸ್ವತಃ ಅವರೇ ಕುರ್ಚಿಯಲ್ಲಿ ಕುಲುಕಿದರು. ಎರಡನೆಯದು ಪೂಜಾರಪ್ಪ, ಮಂತ್ರ ಮರೆತು. ಮೂರನೆಯದು ಕಂಡಕ್ಟರು, ಕಾಯಿಗೆ ಟಿಕೆಟ್ ಕೇಳುತ್ತಾ. ನಾಲ್ಕನೆಯದು ನಾನೇ, ಪರೀಕ್ಷೆಗೆ ಹೋಗುವ ಮುಂಚೆ ದೇವರ ಮುಂದೆ ಲಂಚದ ಕಾಯಿ. ಸಾಲುಗಳು ಬಗ್ಗಿ ಬಗ್ಗಿ ನಗುತ್ತಿದ್ದವು. ನೀರು ಕಲ್ಲಿನಿಂದಿಳಿದು ಹಲಗೆಯ ಮೇಲೆ ಹಿಂದಕ್ಕೆ ಹರಿಯುತ್ತಿದ್ದದ್ದು ಕಾಲಿಗೆ ತಣ್ಣಗಾಯಿತು. ತಣ್ಣಗಾದದ್ದು ಹಿತವಾಗಿಯೇ ಇತ್ತು.

ಐದನೆಯದು ಉಳಿದಿತ್ತು. ಹೊಸದೇನಾದರೂ ಬೇಕಿತ್ತು. ಕತ್ತು ಚೂರು ಓರೆ ಮಾಡಿದೆ. ಬೆರಳನ್ನು ಹಿಟ್ಟು ಕೊಡವುವಂತೆ ಬಿಡಿಸಿದೆ. ‘ಒಂದ್, ಎರಡ್…’ ಎಂದು ಇಲ್ಲದ ಪಟ್ಟಿ ಬೀಸುತ್ತಾ ಕಾಯಿಯ ಸುತ್ತ ಕುಣಿದು ಒಡೆದೆ. ಶಾಲೆಯ ಹುಡುಗಿಯರೆಲ್ಲ ‘ಶಾರದಾ ಟೀಚರ್! ಶಾರದಾ ಟೀಚರ್!’ ಎಂದು ಚಪ್ಪಾಳೆ ಹೊಡೆದರು. ಅಷ್ಟು ದೊಡ್ಡ ಚಪ್ಪಾಳೆ ನನ್ನ ಜೀವಮಾನದಲ್ಲಿ ಅದಕ್ಕೆ ಮುಂಚೆ ಬಿದ್ದಿರಲಿಲ್ಲ.

ಆಮೇಲೆ ಪರದೆ ಎದ್ದಿತು, ತಮಟೆ ಶುರುವಾಯಿತು. ಆರು ಹುಡುಗಿಯರು ಕತ್ತು ಚೂರು ಓರೆ ಮಾಡಿ, ಬೆರಳು ಬಿಡಿಸಿ, ಅಕ್ಕ ಕಲಿಸಿದ ಹಾಗೆಯೇ ಬಂದರು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಫಕ್ಕನೆ ನಕ್ಕರು. ಅಷ್ಟೇ ಸಾಕಾಯಿತು. ಇದೂ ನನ್ನ ಆಟದ ಮುಂದಿನ ಭಾಗವೆಂದು ಇಡೀ ಶಾಮಿಯಾನವೇ ತಿಳಿದುಕೊಂಡಿತು. ಪಟ್ಟಿಗಳು ಹಾವಿನಂತೆ ಹಲಗೆಯ ಮೇಲೆ ಹರಿದವು. ಹರಿಯುತ್ತಾ ಐದು ಕಾಯಿಯ ನೀರನ್ನೂ ನನ್ನ ಕಾಲಿನ ಕೊಳೆಯನ್ನೂ ಕುಡಿದವು. ಏಳಬೇಕಾದಾಗ ಏಳಲಿಲ್ಲ. ಗರಿಕಡ್ಡಿ ಬಗ್ಗಿತು, ರೇಷ್ಮೆ ಹಲಗೆಗೆ ಅಂಟಿಕೊಂಡಿತ್ತು. ಒಂದು ಪಟ್ಟಿ ಎದ್ದು ಪಕ್ಕದವಳ ಕೆನ್ನೆಗೆ ಪಟೀರೆಂದು ಹೊಡೆಯಿತು. ನಗು. ಪುಟ್ಟಲಕ್ಷ್ಮಿ ಸುರುಳಿಗೆಂದು ಹಿಂದೆ ಸರಿದವಳು ಜಾರಿ ಕೂತುಬಿಟ್ಟಳು.

ಇಲ್ಲಿ ನಾನು ಮೈಕನ್ನು ಕೆಳಗಿಡಬೇಕಿತ್ತು. ಇಡಲಿಲ್ಲ. ನನ್ನ ಗಂಟಲಲ್ಲಿದ್ದ ಕಂಡಕ್ಟರು ನನ್ನನ್ನು ಕೇಳದೆ ಹೊರಗೆ ಬಂದ: ‘ರೈಟ್ ರೈಟ್, ಸೀಟ್ ಸಿಕ್ಕೋರು ಕುಂತ್ಕಳಿ, ಮಿಕ್ಕೋರು ಮುಂದಕ್ ಹೋಗಿ!’

ಕಂಬ ಅಲ್ಲಾಡುವಷ್ಟು ನಕ್ಕರು. ತಮಟೆಯವನೂ ನಕ್ಕು ತಾಳ ಬಿಟ್ಟ. ಪುಟ್ಟಲಕ್ಷ್ಮಿ ಕೂತಲ್ಲೇ ಅಳುತ್ತಿದ್ದಳು. ಅಕ್ಕ ಪರದೆಯ ಪಕ್ಕದಿಂದ ನಡೆದು ಬಂದು, ಅವಳನ್ನು ಎಬ್ಬಿಸಿ, ಆರೂ ಪಟ್ಟಿಗಳನ್ನು ಒಂದೊಂದಾಗಿ ಕೈಗೆ ಸುತ್ತಿಕೊಂಡು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ಅವಳು ಸುತ್ತಿಕೊಳ್ಳುವುದಕ್ಕೂ ಜನ ನಕ್ಕರು.

ಮುಂದಿನ ವಾರ ಶಾಲೆಯಿಂದ ಕಾಗದ ಬಂತು. ಜೂನ್‌ನಿಂದ ನೃತ್ಯದ ಬದಲು ಹೊಲಿಗೆಯ ಕ್ಲಾಸು. ನಾನು ಸೈಕಲ್ ತುಳಿದುಕೊಂಡು ಸಿದ್ದಪ್ಪನವರ ತೋಟಕ್ಕೆ ಹೋದೆ. ನೀರಿನ ವಿಷಯ, ಕಾಯಿಯ ವಿಷಯ, ಎಲ್ಲ ನನ್ನದೇ ತಪ್ಪು, ಇನ್ನೊಂದು ಸಲ ಒಣ ಹಲಗೆಯ ಮೇಲೆ ನೋಡಿ ಎಂದು ಬೇಡಿಕೊಂಡೆ. ಯಾರ ದನಿಯಲ್ಲೂ ಅಲ್ಲ, ಸ್ವಂತ ದನಿಯಲ್ಲಿ. ಅದು ಇಷ್ಟು ಕೀರಲು ಎಂದು ನನಗೆ ಗೊತ್ತಿರಲಿಲ್ಲ.

ಅವರು ಬೆನ್ನು ತಟ್ಟಿದರು. ‘ಅಯ್ಯೋ ಬುಡ್ಲಾ, ಅದ್ಯಾತಕ್ಕೆ ಬೇಜಾರು? ಕುಣಿತ ಹೋದ್ರೆ ಹೋಯ್ತು, ನೀನ್ ಜೋರಾಗ್ ಮಾಡ್ದೆ. ನನ್ನ ಹೊಟ್ಟೆ ಹಿಂಗ್ ಮುಂದಕ್ಕೆ ಬತ್ತದೇನ್ಲಾ? ಎಲ್ಲಿ, ಇನ್ನೊಂದ್ ಕಿತ ಮಾಡು. ಲೇ, ಒಳಗಡೆಯವ್ರನ್ನೂ ಕರೀರೋ.’

ಒಳಗಿನವರು ಬಂದು ಜಗಲಿಯ ಮೇಲೆ ಸಾಲಾಗಿ ಕೂತರು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಮಾಡಿದೆ. ಅವರು ಮನಸ್ಸು ಬದಲಿಸಬಹುದು ಎಂಬ ಆಸೆಯಿಂದ ಮಾಡಿದೆ. ನಕ್ಕರು, ಎಳನೀರು ಕೊಟ್ಟರು, ಕಳಿಸಿದರು.

ಏಪ್ರಿಲ್‌ನಲ್ಲಿ ಅಮ್ಮಸಂದ್ರದಿಂದ ಜನ ಬಂದರು. ಅಪ್ಪ ಮಾತನಾಡಿದರು. ಭಾವ ಎಲೆಗೆ ಸುಣ್ಣ ಹಚ್ಚಿದರು. ಈ ಸಲ ನಾನು ಆ ಕಡೆ ನೋಡಲಿಲ್ಲ. ಎರಡು ದಿನ ಬಿಟ್ಟು ಅಪ್ಪನೂ ನಾನೂ ಅಕ್ಕನನ್ನು ಬಿಟ್ಟುಬರಲು ಹೊರಟೆವು. ಕಿಬ್ಬನಹಳ್ಳಿಯ ಕೈಮರದಲ್ಲಿ ಬಸ್ಸು ಬದಲಿಸಬೇಕು. ಅಪ್ಪ ಅಂಗಡಿಯ ಮುಂದೆ ಯಾರೊಡನೆಯೋ ಈ ಸಲದ ಕಾಯಿ ಸಣ್ಣದಾಯಿತೆಂದು ಮಾತಿಗೆ ನಿಂತರು. ಅಕ್ಕ ಟ್ರಂಕಿನ ಮೇಲೆ ಕೂತಿದ್ದಳು, ಸಾಧಾರಣ ನೂಲಿನ ಸೀರೆ. ಬಿಸಿಲು ಚುರುಗುಟ್ಟುತ್ತಿತ್ತು. ಎರಡು ತಿಂಗಳಿಂದ ಅವಳು ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತನಾಡಿದ್ದಳು. ಬಸ್ಸಿನ ಹಾರ್ನ್ ದೂರದಲ್ಲಿ ಕೇಳಿಸಿದಾಗ, ಇನ್ನು ಹೇಳದಿದ್ದರೆ ಆಗುವುದಿಲ್ಲ ಎಂದು ಬಾಯಿಬಿಟ್ಟೆ.

‘ಅಕ್ಕ, ನಾನು ಬೇಕೂಂತ ಮಾಡ್ಲಿಲ್ಲ ಕಣಕ್ಕ. ನಿನಗೆ ನೋವಾಗ್ತದೆ ಅಂತ ನನಗೆ ಹೆಂಗ್ ಗೊತ್ತಾಗ್ಬೇಕು? ಮನೇಲಿ ನಿನ್ನ ಅಣಕಿಸಿದಾಗೆಲ್ಲ ನೀನೂ ನಗ್ತಿದ್ದೆಯಲ್ಲ!’

ಅಕ್ಕ ಎದ್ದು ಟ್ರಂಕಿನ ಹಿಡಿಗೆ ತಾನೇ ಕೈ ಹಾಕಿದಳು.

‘ನಗ್ತಿದ್ದೆ ಕಣಪ್ಪ. ನಿಮ್ ಭಾವ ಕೈ ಎತ್ತಿದಾಗ್ಲೂ ಮೊದಮೊದಲು ನಕ್ಕೇ ಸುಮ್ಕಾಗ್ತಿದ್ದೆ.’